ಮಾರಿಸನ್ ಶೆಲ್ಟರ್: ಬಾಗಿ ಜೀವ ಉಳಿಸಿದ ಮೇಜು

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬ್ ದಾಳಿಯಿಂದ ಮನೆಯೊಳಗೇ ರಕ್ಷಣೆ ಪಡೆಯಲೆಂದು 1941ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ಹಂಚಲು ಶುರು ಮಾಡಿದ ಈ ಉಕ್ಕಿನ ಮೇಜಿನ ಮಹತ್ವ ಗೊತ್ತಾಗಬೇಕಾದರೆ ಅದಕ್ಕಿಂತ ಮೊದಲು ಬಂದ ಆಂಡರ್ಸನ್ ಶೆಲ್ಟರನ್ನು ನೋಡಬೇಕು. ಅದು ಹಿತ್ತಿಲಿನದು. ಸುಕ್ಕುಗಟ್ಟಿದ ಉಕ್ಕಿನ 14 ತಗಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ನಾಲ್ಕಡಿ ಆಳಕ್ಕೆ ಇಳಿಸಿ, ಮೇಲೆ 15 ಅಂಗುಲ ಮಣ್ಣು ಹೊದಿಸಬೇಕು. ಬಾಂಬಿನ ಚೂರು, ಸ್ಫೋಟದ ಹೊಡೆತಕ್ಕೆ ಗಟ್ಟಿಯೇ. ಆದರೆ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು, ಚಳಿಗಾಲದಲ್ಲಿ ಒಳಗೆ ಮಲಗುವುದು ಶಿಕ್ಷೆ. ಹಿತ್ತಿಲಿಲ್ಲದವರಿಗಂತೂ ಅದು ಇದ್ದೂ ಇಲ್ಲದ ಹಾಗೆ. 1940ರ ನವೆಂಬರ್‌ನ ಲಂಡನ್ ಗಣತಿಯಲ್ಲಿ ಮನೆಯ ಶೆಲ್ಟರಿನಲ್ಲಿ ರಾತ್ರಿ ಕಳೆಯುತ್ತಿದ್ದವರು ಶೇ 27, ಸಾರ್ವಜನಿಕ ಶೆಲ್ಟರಿನಲ್ಲಿ ಶೇ 9, ಟ್ಯೂಬ್ ಅಂದರೆ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಶೇ 4. ಉಳಿದವರು ರಾತ್ರಿ ಕೆಲಸದಲ್ಲಿದ್ದರು, ಇಲ್ಲವೇ ಮನೆಯಲ್ಲೇ ಮಲಗುತ್ತಿದ್ದರು. ಜನ ಮನೆ ಬಿಟ್ಟು ಏಳುವುದಿಲ್ಲ ಎಂಬುದನ್ನು ಒಪ್ಪಿಕೊಂಡು ತಯಾರಾದದ್ದು ಮಾರಿಸನ್.

ಉದ್ದ ಆರೂವರೆ ಅಡಿ, ಅಗಲ 4 ಅಡಿ, ಎತ್ತರ ಎರಡೂವರೆ ಅಡಿ. ಮೇಲೆ ಅಂಗುಲದ ಎಂಟನೇ ಒಂದು ಭಾಗ ದಪ್ಪದ ಉಕ್ಕಿನ ಹಲಗೆ, ಸುತ್ತ ವೆಲ್ಡ್ ಮಾಡಿದ ತಂತಿ ಜಾಲರಿ, ಕೆಳಗೆ ಹಾಸಿಗೆ ಹಾಕಲು ಲೋಹದ ಪಟ್ಟಿಗಳು. ಕಿಟ್ಟಿನಲ್ಲಿ ಬರುವುದು 359 ಬಿಡಿಭಾಗ, ಜೊತೆಗೆ 3 ಉಪಕರಣ. ಸಂಖ್ಯೆ ಕೇಳಿ ಗಾಬರಿಯಾಗಬೇಕಿಲ್ಲ. ಹಗಲು ಜಾಲರಿ ತೆಗೆದಿಟ್ಟರೆ ಊಟದ ಮೇಜು.

ಇದರ ಜಾಣತನವೆಲ್ಲ ಇರುವುದು ಇದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಜಾನ್ ಬೇಕರ್ ಅವರ ಲೆಕ್ಕದಲ್ಲಿ. ಮೇಲ್ಮಹಡಿ ಕುಸಿದಾಗ ಅದನ್ನು ಅಲ್ಲಾಡದೆ ತಡೆಯಬೇಕೆಂದರೆ ಭಾರೀ ದಪ್ಪದ ಉಕ್ಕು ಬೇಕು. ಅಷ್ಟು ಉಕ್ಕು ಯುದ್ಧಕಾಲದಲ್ಲಿ ಎಲ್ಲಿಂದ ಬರಬೇಕು? ಬೇಕರ್ ಚೌಕಟ್ಟನ್ನು ಬಾಗಲು ಬಿಟ್ಟರು. ಉಕ್ಕು ಮತ್ತೆ ನೆಟ್ಟಗಾಗದಂತೆ ಬಾಗುವಾಗ ಬೀಳುವ ಭಾರದ ಶಕ್ತಿಯನ್ನು ನುಂಗುತ್ತದೆ. ಮೇಜು ಹಾಳಾಗುತ್ತದೆ, ಒಳಗಿದ್ದವರಿಗೆ ಮಲಗುವಷ್ಟು ಜಾಗ ಉಳಿಯುತ್ತದೆ. ಯುದ್ಧ ಮುಗಿದ ಮೇಲೆ ಇದೇ ವಿಚಾರ ಕಟ್ಟಡಗಳ ಉಕ್ಕಿನ ಚೌಕಟ್ಟಿನ ವಿನ್ಯಾಸಕ್ಕೂ ಹೋಯಿತು.

ಫಲಿತಾಂಶವೂ ದಾಖಲಾಗಿದೆ. ತೀವ್ರವಾಗಿ ಹಾನಿಗೊಂಡ 44 ಮನೆಗಳ ತಪಾಸಣೆಯಲ್ಲಿ, ಮಾರಿಸನ್ ಒಳಗಿದ್ದ 136 ಜನರಲ್ಲಿ ಸತ್ತವರು 3, ತೀವ್ರ ಗಾಯಗೊಂಡವರು 13, ಸಣ್ಣಪುಟ್ಟ ಗಾಯವಾದವರು 16. ಸಾವು ಸಂಭವಿಸಿದ್ದು ಬಾಂಬ್ ನೇರವಾಗಿ ಬಿದ್ದ ಮನೆಯಲ್ಲಿ. ತೀವ್ರ ಗಾಯಗೊಂಡವರಲ್ಲಿ ಕೆಲವರ ಶೆಲ್ಟರ್ ತಪ್ಪು ಜಾಗದಲ್ಲಿತ್ತು.

ಜಾಗದ ವಿಷಯದಲ್ಲಿ ಸಡಿಲ ಬೇಡ. ಇದು ನೆಲಮಹಡಿಯ ಸರಕು. ಮೇಲ್ಮಹಡಿಯಲ್ಲಿಟ್ಟರೆ ನೆಲದ ಸಮೇತ ಕೆಳಗೆ ಬರುತ್ತದೆ. ರಾತ್ರಿ ನಾಲ್ಕೂ ಕಡೆ ಜಾಲರಿ ಸಿಕ್ಕಿಸಲೇಬೇಕು. ಸೆಕೆಯೆಂದು ಒಂದನ್ನು ಬಿಟ್ಟರೆ ಇಟ್ಟಿಗೆ ಪಕ್ಕದಿಂದ ಒಳನುಗ್ಗುತ್ತದೆ. ಮನೆ ಬಿದ್ದ ಮೇಲೆ ಹೊರತೆಗೆಯಲು ಯಾರಾದರೂ ಬರಬೇಕು, ಅಷ್ಟರಲ್ಲಿ ಒಡೆದ ಗ್ಯಾಸ್ ಪೈಪು, ಬೆಂಕಿಯ ವಿರುದ್ಧ ಈ ಪಂಜರ ಏನೂ ಮಾಡದು. ಇಬ್ಬರು ದೊಡ್ಡವರು, ಒಂದೆರಡು ಸಣ್ಣ ಮಕ್ಕಳು ಹಿಡಿಸಬಹುದು. ಒಳಗೆ ಕೂತು ರಾತ್ರಿ ಕಳೆಯುತ್ತೇವೆಂದರೆ ತಲೆ ಬಗ್ಗಿಸಿಕೊಂಡೇ ಇರಬೇಕು.

ವರ್ಷಕ್ಕೆ 350 ಪೌಂಡಿಗಿಂತ ಕಡಿಮೆ ಆದಾಯದ ಮನೆಗಳಿಗೆ ಉಚಿತ ಕೊಟ್ಟದ್ದು ಸರಿಯಾದ ನಿರ್ಧಾರ. ದೊಡ್ಡ ದೋಷ ತಡವಾಗಿ ಬಂದದ್ದು: ಲಂಡನ್ ಮೇಲಿನ ದಾಳಿ ಶುರುವಾದದ್ದು 1940ರ ಸೆಪ್ಟೆಂಬರ್‌ನಲ್ಲಿ, ಮುಗಿದದ್ದು 1941ರ ಮೇನಲ್ಲಿ. 1941ರ ಕೊನೆಗೆ 5 ಲಕ್ಷ ಶೆಲ್ಟರ್ ಹಂಚಿಕೆಯಾಗುವ ಹೊತ್ತಿಗೆ ಅತಿ ಕೆಟ್ಟ ರಾತ್ರಿಗಳು ಕಳೆದಿದ್ದವು. 1943ರಲ್ಲಿ ಸೇರಿಸಿದ ಇನ್ನೊಂದು ಲಕ್ಷ ಮಾತ್ರ, 1944ರ ಜೂನ್‌ನಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಬರುವ ಮೊದಲೇ ಮನೆ ಸೇರಿತ್ತು.