ಹೆಸರಿಲ್ಲದ ಡಬ್ಬದ ಸಿಲಿಕೋನ್ ಕೊಳ್ಳಬೇಡಿ

ವೇಷಭೂಷಣ, ಮುಖವಾಡ, ಸ್ತಬ್ಧಚಿತ್ರದ ಗೊಂಬೆಗಳನ್ನು ಮನೆಯಲ್ಲೇ ಮಾಡಿ ಬದುಕುವವರಿಗೆ, ಅದರಲ್ಲೂ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಸಾಮಾನು ತರುವವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಡ್ರಮ್ಮಿನಿಂದ ಸಣ್ಣ ಡಬ್ಬಗಳಿಗೆ ಸುರಿದು ಮಾರುವ ಸಿಲಿಕೋನ್ ರಬ್ಬರನ್ನು ಅಚ್ಚಿಗೆಂದು ತರಬೇಡಿ. ಡಬ್ಬದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಅಂಥ ಡಬ್ಬಗಳಿಂದಾಗಿ ನಮ್ಮ ಒಂದು ಇಡೀ ದಸರಾ ಕೈತಪ್ಪಿತು.

ನಾವು ಮಕ್ಕಳ ಯಕ್ಷಗಾನ ತಂಡಗಳಿಗೆ ಭುಜಕೀರ್ತಿ, ಎದೆಪದಕ, ಕಿರೀಟಗಳನ್ನು ಮಾಡಿಕೊಡುವವರು. ಅದು ಮರ, ಬೇಗಡೆ, ಬಟ್ಟೆ, ಮಣಿಯ ಕೆಲಸ. ಅಚ್ಚು ಬೇಕಾಗುವುದು ಮೆರವಣಿಗೆಯ ದೊಡ್ಡ ವೇಷಗಳಿಗೆ. ಆ ವರ್ಷ ಕುಂಭಕರ್ಣನಿಗೆ ಬೇಡಿಕೆ ಬಂದಿತ್ತು. ಒಬ್ಬನೇ ಆಳು ಹೆಗಲ ಮೇಲೆ ಹೊತ್ತು ನಡೆಯಬೇಕು, ಕೆಳದವಡೆಯ ಹಗ್ಗ ಎಳೆದರೆ ಬಾಯಿ ತೆರೆಯಬೇಕು. ಒಂದೇ ರೀತಿಯ ಮೂರು ಬೇಕೆಂದು ಬೇರೆ ಬೇರೆ ಊರಿನ ಸಮಿತಿಗಳು ಮುಂಗಡ ಕೊಟ್ಟಿದ್ದವು. ಒಂದು ಅಚ್ಚಾದರೆ ಮೂರನ್ನೂ ತೆಗೆಯಬಹುದು, ಮುಂದಿನ ವರ್ಷಗಳಲ್ಲೂ ಅದೇ ಅಚ್ಚು ದುಡಿಯುತ್ತದೆ. ಸಣ್ಣ ವ್ಯಾಪಾರಕ್ಕೆ ಇಂಥ ಅಚ್ಚೇ ಆಸ್ತಿ.

ಬಿದಿರು, ತಂತಿಯ ಚೌಕಟ್ಟಿನ ಮೇಲೆ ಜೇಡಿಮಣ್ಣು ಮೆತ್ತಿ ತಲೆಯನ್ನು ನನ್ನ ತಮ್ಮ ಕಟ್ಟಿದ. ಯಕ್ಷಗಾನದ ಆಟ ನೋಡುತ್ತಲೇ ಬೆಳೆದವರ ಊರು ಇದು. ಕುಂಭಕರ್ಣನ ಹುಬ್ಬು ಹೇಗಿರಬೇಕೆಂದು ಹಾಲು ತರುವವರೂ ನಿಂತು ಹೇಳಿ ಹೋಗುತ್ತಿದ್ದರು. ಮಣ್ಣು ಬಿರುಕು ಬಿಡದಂತೆ ರಾತ್ರಿಯೆಲ್ಲ ಒದ್ದೆ ಗೋಣಿ ಹೊದಿಸಿ ಕಾಯ್ದೆವು. ಗಡ್ಡದ ಒಂದೊಂದು ಎಳೆಯನ್ನೂ ಅಡಿಕೆ ಸಲಾಕೆಯಲ್ಲಿ ಗೀರಿ ತೆಗೆದದ್ದು. ಹೀಗೆ ಮಾಡಿದ ಮೂಲ ಒಂದೇ ಇರುತ್ತದೆ. ಅಚ್ಚು ಕೆಟ್ಟರೆ ಅದರ ಜೊತೆಗೇ ಮೂಲವೂ ಹೋಗುತ್ತದೆ.

ಅಂಗಡಿಯವರು ಕೊಟ್ಟ ಮೊದಲ ಡಬ್ಬದಿಂದ 100 ಗ್ರಾಂ ತೆಗೆದು, ಗಟ್ಟಿ ಮಾಡುವ ದ್ರವವಾದ ಹಾರ್ಡನರ್ ತೂಗಿ ಹಾಕಿ, ಪರೀಕ್ಷೆ ಮಾಡಿಯೇ ಕೆಲಸ ಶುರು ಮಾಡಿದೆವು. ಅದು ಚೆನ್ನಾಗಿ ಗಟ್ಟಿಯಾಯಿತು. ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಯಿತು. ಆ ಭರವಸೆಯ ಮೇಲೆ ಉಳಿದ ಡಬ್ಬಗಳನ್ನೂ ಅದೇ ಅಂಗಡಿಯಿಂದ ತರಿಸಿದೆವು. ಎಲ್ಲವೂ ಒಂದೇ ಡ್ರಮ್ಮಿನದು ಎಂದು ಅವರು ಹೇಳಿದ್ದರು. ಅದು ಸುಳ್ಳು. ಮೊದಲ ಪದರ ಹಚ್ಚಿ, ಅದು ಕೂತ ಮೇಲೆ ಎರಡನೆಯದು, ಮೂರನೆಯದು ಹಚ್ಚಿದೆವು. ಅದರ ಮೇಲೆ ಮುಂದೆರಡು, ಹಿಂದೆರಡು ಭಾಗವಾಗಿ ಫೈಬರಿನ ಹೊರಕವಚ ಕಟ್ಟಿ ಬೋಲ್ಟ್ ಹಾಕಿದೆವು. ಕವಚ ಬಿಚ್ಚಿದಾಗ ಮೂಗಿನ ಬಳಿ ರಬ್ಬರು ಸರಿಯಾಗಿ ಬಂತು. ಕೆನ್ನೆಯಿಂದ ಕೆಳಗೆ ಬೆರಳಿಟ್ಟರೆ ಹಲಸಿನ ಅಂಟಿನಂತೆ ಎಳೆಎಳೆಯಾಗಿ ಬೆರಳಿಗೇ ಅಂಟಿಕೊಂಡಿತು. ಬಿಡಿಸಲು ಹೋದಾಗ ಗಡ್ಡದ ಮಣ್ಣೆಲ್ಲ ರಬ್ಬರಿನ ಜೊತೆಗೇ ಕಿತ್ತು ಬಂತು. ತಮ್ಮ ಏನೂ ಮಾತನಾಡದೆ ಎದ್ದು ಅಂಗಳಕ್ಕೆ ಹೋದ.

ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಅಕ್ಕಾ, ಮಳೆಗಾಲದಲ್ಲಿ ಹಾಗೆ ಆಗುವುದು ಸಹಜ. ತೇವಕ್ಕೆ ರಬ್ಬರು ಗಟ್ಟಿಯಾಗುವುದಿಲ್ಲ."

ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ತವರದ (ಟಿನ್) ಅಂಶವಿರುವ ಹಾರ್ಡನರ್ ಹಾಕಿ ಗಟ್ಟಿ ಮಾಡುವ ಸಿಲಿಕೋನ್. ಅದು ಗಟ್ಟಿಯಾಗುವುದಕ್ಕೆ ಗಾಳಿಯ ತೇವವೇ ಬೇಕು. ಮಳೆಗಾಲದಲ್ಲಿ ಅದು ಬೇಗ ಬಿಗಿಯುತ್ತದೆ, ಕೈಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಆದರೆ ಪದೇ ಪದೇ ಮುಚ್ಚಳ ತೆಗೆದ ಹಾರ್ಡನರ್ ಬಾಟಲಿಗೆ ತೇವ ಸೇರಿದರೆ ಹಾರ್ಡನರ್ ಕೆಟ್ಟು ಹೋಗುತ್ತದೆ. ಡ್ರಮ್ಮಿನಿಂದ ಸುರಿದು ಮಾರುವಲ್ಲಿ ಆಗುವುದು ಇದೇ. ಜೊತೆಗೆ ನಮ್ಮ ಕೊನೆಯ ಡಬ್ಬಗಳ ರಬ್ಬರು ಮೊದಲಿನದಕ್ಕಿಂತ ತೆಳುವಾಗಿತ್ತು. ಗಟ್ಟಿಯಾದ ಚೂರನ್ನು ಪತ್ರಿಕೆಯ ಹಾಳೆಯ ಮೇಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಸುತ್ತ ಎಣ್ಣೆಯ ದೊಡ್ಡ ಕಲೆ ಬಿದ್ದಿತ್ತು. ಸಿಲಿಕೋನ್ ಎಣ್ಣೆ ಹೆಚ್ಚು ಬೆರೆಸಿದರೆ ತೂಕ ಹೆಚ್ಚುತ್ತದೆ, ರಬ್ಬರು ಸುಲಭವಾಗಿ ಹರಿಯುತ್ತದೆ, ಎಣ್ಣೆ ಹೊರಗೆ ಜಿನುಗುತ್ತದೆ.

ಇಷ್ಟರಲ್ಲೇ ಮುಗಿದಿದ್ದರೆ ಹಣದ ನಷ್ಟ ಎಂದು ಸುಮ್ಮನಿರುತ್ತಿದ್ದೆನೇನೋ. ಇದನ್ನು ಬರೆಯಲೇಬೇಕು ಎನಿಸಿದ್ದು ಅದೇ ಅಂಗಡಿ ಫೈಬರ್ ಕೆಲಸಕ್ಕೆ ಕೊಟ್ಟ ಎರಡು ಬಾಟಲಿಗಳನ್ನು ನೋಡಿ. ಎರಡೂ ತಂಪು ಪಾನೀಯದ ಹಳೆಯ ಬಾಟಲಿಗಳು, ಯಾವುದರ ಮೇಲೂ ಚೀಟಿ ಇಲ್ಲ. ಒಂದರಲ್ಲಿ ನೇರಳೆ ಬಣ್ಣದ ಕೋಬಾಲ್ಟ್, ಅಂದರೆ ಫೈಬರಿಗೆ ಹಚ್ಚುವ ರೆಸಿನ್ ಎಂಬ ಅಂಟುದ್ರವ ಬೇಗ ಗಟ್ಟಿಯಾಗಲು ಬೆರೆಸುವಂಥದ್ದು. ಇನ್ನೊಂದರಲ್ಲಿ ನೀರಿನಂತೆ ಕಾಣುವ, ರೆಸಿನ್‌ಗೆ ಹಾಕುವ ಹಾರ್ಡನರ್, ಅಂದರೆ ಎಂಇಕೆಪಿ ಎಂಬ ರಾಸಾಯನಿಕ. ಇವೆರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡನರ್ ಹಾಕಬೇಕು. 100 ಗ್ರಾಂ ರೆಸಿನ್‌ಗೆ ಹಾರ್ಡನರ್ ಸುಮಾರು 1ರಿಂದ 2 ಗ್ರಾಂ ಸಾಕು. ಆ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ನಮ್ಮ ಕೆಲಸದ ಚಪ್ಪರ ಇರುವುದು ಮನೆಯ ಪಕ್ಕದಲ್ಲಿ. ಶಾಲೆಯಿಂದ ಬರುವ ಮಕ್ಕಳು ಬಾಯಾರಿಕೆಗೆ ಕೈಗೆ ಸಿಕ್ಕ ಬಾಟಲಿ ಎತ್ತುತ್ತಾರೆ. ಮಾರುವವರಿಗೆ ಇದು ಹೊಳೆಯದೇ ಇರುತ್ತದೆಯೇ? ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಹಾರ್ಡನರನ್ನು ತಯಾರಕರ ಮೂಲ ಬಾಟಲಿಯಲ್ಲೇ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಎಟುಕದಂತೆ ಇಡಿ.

ದೊಡ್ಡ ಅಚ್ಚು ಹಾಕುವವರು ಮುದ್ರೆ ಒಡೆಯದ ಡಬ್ಬಗಳನ್ನೇ ಕೊಳ್ಳಿ, ಎಲ್ಲ ಡಬ್ಬಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ. ಪ್ರತಿಯೊಂದು ಡಬ್ಬದಿಂದಲೂ ಸ್ವಲ್ಪ ತೆಗೆದು ಬೇರೆ ಬೇರೆ ಲೋಟಗಳಲ್ಲಿ ಕಲಸಿ ಒಂದು ದಿನ ಪೂರ್ತಿ ಬಿಡಿ. ಒಂದು ಲೋಟ ಅಂಟಿದರೂ ಆ ಡಬ್ಬ ಮೂಲದ ಹತ್ತಿರ ಬರಬಾರದು.

ಮುಂಗಡವನ್ನು ಮೂರೂ ಸಮಿತಿಗಳಿಗೆ ವಾಪಸ್ ಕೊಟ್ಟೆವು. ಅಂಗಡಿಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಬಿಲ್ಲನ್ನು ಮೊಬೈಲಿಗೆ ಕಳುಹಿಸುತ್ತೇನೆ ಎಂದವರು ಆಮೇಲೆ ಕರೆ ಎತ್ತುವುದನ್ನೇ ನಿಲ್ಲಿಸಿದರು. ಅಂಗಡಿ ಕರ್ನಾಟಕದಲ್ಲಿದೆ, ನಾವಿರುವುದು ಕೇರಳದಲ್ಲಿ, ಏನೂ ಮಾಡಲಾಗದು ಎಂದು ಹಲವರು ಹೇಳಿದರು. ಅದು ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡಿಯಾಚೆಯ ಅಂಗಡಿಯ ಮೇಲೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳಿದರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ವಿನಾಯಿತಿ ಇದೆ. ನಮ್ಮಂಥವರು ಅದರೊಳಗೆ ಬರುತ್ತೇವೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲ ಸಲಹೆಗೆ 1915ಕ್ಕೆ ಕರೆ ಮಾಡಬಹುದು.

ಅದಕ್ಕಾಗಿ ಹಣ ಕಳುಹಿಸಿದ ದಾಖಲೆ, ಸಂದೇಶಗಳು, ಕೆಟ್ಟ ಅಚ್ಚಿನ ಚಿತ್ರ ಎಲ್ಲವನ್ನೂ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಉಳಿದ ಡಬ್ಬಗಳನ್ನು ಎಸೆಯಬೇಡಿ. ಆಯೋಗ ಬೇಕೆಂದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ನಮ್ಮ ಡಬ್ಬಗಳನ್ನು ಮುಚ್ಚಳಕ್ಕೆ ಟೇಪ್ ಸುತ್ತಿ, ತಂದ ತಾರೀಕು ಬರೆದು, ಅಟ್ಟದ ಮೇಲೆ ಹಾಗೆಯೇ ಇಟ್ಟಿದ್ದೇವೆ.