ಬಾಡಿಗೆ ಆಕ್ಸಿಜನ್ ಯಂತ್ರ: ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹತ್ತು ತಿಂಗಳು

ಮಗಳಿಗಾಗಿ ಶಿವಮೊಗ್ಗದ ಒಂದು ಅಂಗಡಿಯಿಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬಾಡಿಗೆಗೆ ತಂದು ಹತ್ತು ತಿಂಗಳಾಯಿತು. ಅವಳು 28 ವಾರಕ್ಕೇ ಹುಟ್ಟಿದವಳು. ಶ್ವಾಸಕೋಶ ಇನ್ನೂ ಬಲಿಯಬೇಕು, ಅಲ್ಲಿಯವರೆಗೆ ಮನೆಯಲ್ಲೂ ಆಕ್ಸಿಜನ್ ಬೇಕು ಎಂದು ಹೇಳಿ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ನಮ್ಮ ಮನೆ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ, ಟಾರು ರಸ್ತೆಯಿಂದ ಒಳಗೆ, ಅಡಿಕೆ ತೋಟದ ಪಕ್ಕ. ಇಂಥ ಜಾಗದಲ್ಲಿ ಇರುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ಯಾವ ಅಂಗಡಿಗೆ ಹೋದರೂ ಏನೇನು ಕೇಳಿ ತರಬೇಕು ಅನ್ನೋದು ಮುಖ್ಯ.

ಮೊದಲು ಯಂತ್ರದ ವಿಷಯ. ನಿಮಿಷಕ್ಕೆ ಐದು ಲೀಟರ್‌ವರೆಗೆ ಆಕ್ಸಿಜನ್ ಕೊಡುವಂಥದು, ಹಳೆಯದೇ, ಆದರೆ ಚೆನ್ನಾಗಿದೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿರುವ ನೈಟ್ರೋಜನ್ ಹಿಡಿದಿಟ್ಟು, ಉಳಿದದ್ದನ್ನು ಕೊಡುತ್ತದೆ. ಶೇಕಡಾ 93ರ ಆಸುಪಾಸು ಶುದ್ಧತೆ ಬರಬೇಕು. ತಂದಿಟ್ಟ ದಿನ ಅಂಗಡಿಯ ಹುಡುಗ ಮೀಟರ್ ಹಿಡಿದು ತೋರಿಸಿದ, 94 ಇತ್ತು. ನೀವೂ ಹಾಗೇ ಕಣ್ಣೆದುರೇ ತೋರಿಸಲು ಹೇಳಿ. ಬಾಡಿಗೆ ತಿಂಗಳಿಗೆ 5,500 ರೂಪಾಯಿ, ಡಿಪಾಸಿಟ್ 10,000. ಕರೆಂಟಿನ ಖರ್ಚು ಬೇರೆ ಇದೆ. ನಮ್ಮದು 350 ವ್ಯಾಟ್. ಹಗಲು ರಾತ್ರಿ ಓಡಿದರೆ ದಿನಕ್ಕೆ ಎಂಟು ಯೂನಿಟ್ ಮೇಲೆ, ತಿಂಗಳಿಗೆ 250. ಗೃಹಜ್ಯೋತಿಯ 200 ಯೂನಿಟ್ ಈ ಯಂತ್ರ ಒಂದಕ್ಕೇ ಸಾಲದು. ಮಿತಿ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಮಗಳಿಗೆ ಡಾಕ್ಟರ್ ಬರೆದದ್ದು ನಿಮಿಷಕ್ಕೆ ಕಾಲು ಲೀಟರ್. ಎಷ್ಟು ಆಕ್ಸಿಜನ್ ಹರಿಯುತ್ತಿದೆ ಎಂದು ಒಳಗಿನ ಗುಂಡಿನಿಂದ ತೋರಿಸುವ ಫ್ಲೋ ಮೀಟರ್ ಯಂತ್ರದ ಮೇಲಿತ್ತು, ಅದು ದೊಡ್ಡವರದು, ಅದರ ಮೊದಲ ಗೆರೆಯೇ ಅರ್ಧ ಲೀಟರ್. ಗುಂಡು ಆ ಗೆರೆಯ ಕೆಳಗೆ ನಡುಗುತ್ತಾ ನಿಂತಿತ್ತು. "ಕಾಲು ಅಂದ್ರೆ ಅಂದಾಜು ಇಷ್ಟೇ ಅಕ್ಕ" ಅಂದ ಹುಡುಗ. ಎಳೆ ಮಗುವಿಗೆ ಕೊಡುವ ಆಕ್ಸಿಜನ್ ಔಷಧಿಯ ಹಾಗೆ, ಅಂದಾಜಿನಲ್ಲಿ ಕೊಡುವುದಲ್ಲ. ಮಕ್ಕಳಿಗಾಗಿಯೇ ಕಡಿಮೆ ಫ್ಲೋದ ಮೀಟರ್ ಬೇರೆ ಬರುತ್ತದೆ. ಒತ್ತಾಯ ಮಾಡಿದ ಮೇಲೆ ನಾಲ್ಕನೇ ದಿನ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದರು. ಮಗಳು ಮನೆಗೆ ಬರುವ ಒಂದು ವಾರ ಮೊದಲೇ ಯಂತ್ರ ತಂದಿಟ್ಟಿದ್ದೆವು, ಹಾಗಾಗಿ ತೊಂದರೆ ಆಗಲಿಲ್ಲ.

ಇನ್ನೊಂದು ತಪ್ಪು ದೊಡ್ಡದು. ಜುಲೈ ಕೊನೆ, ಪುಷ್ಯ ಮಳೆ. ಸಂಜೆ ಏಳಕ್ಕೆ ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ಈ ಯಂತ್ರವನ್ನು ಹೆಚ್ಚೆಂದರೆ ಮೂರು ಗಂಟೆ ಎಳೆಯುತ್ತದೆ. ಒಂಬತ್ತಾದರೂ ಕರೆಂಟ್ ಬರಲಿಲ್ಲ, ಕರೆಂಟ್ ಇಲ್ಲದಾಗ ಬೇಕಾಗುತ್ತದೆ ಎಂದು ಅದೇ ಅಂಗಡಿಯಿಂದ ತಂದಿಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ಮಗಳ ಕೊಳವೆ ಹಾಕೋಣ ಎಂದು ಎದ್ದೆವು. ಸಿಲಿಂಡರ್ ತುಂಬಿತ್ತು. ರೆಗ್ಯುಲೇಟರ್ ಇತ್ತು. ಮೇಲಿನ ವಾಲ್ವ್ ತಿರುಗಿಸುವ ಕೀ ಮಾತ್ರ ಇಲ್ಲ! ಅಂಗಡಿಯವರು ಕೊಟ್ಟಿರಲಿಲ್ಲ, ನಾವು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಮ್ಮೆಜಮಾನರು ಆ ಮಳೆಯಲ್ಲೇ ಬೈಕ್ ತೆಗೆದುಕೊಂಡು ತೀರ್ಥಹಳ್ಳಿಗೆ ಹೋದರು. ನಾನು ಅವಳ ಪಾದ ಹಿಡಿದುಕೊಂಡು ಆಕ್ಸಿಮೀಟರಿನ ಅಂಕಿ ನೋಡುತ್ತಾ ಕೂತೆ. 95, 94, ಮತ್ತೆ 95. ಹತ್ತಕ್ಕೆ ಇನ್ವರ್ಟರ್ ಕೂಗಲು ಶುರು ಮಾಡಿತು. ಪರಿಚಯದ ಆಂಬುಲೆನ್ಸ್ ಡ್ರೈವರ್ ಒಬ್ಬರ ಹತ್ತಿರ ಕೀ ಇಸಿದುಕೊಂಡು ಇವರು ಬಂದಾಗ ಅದು ಇನ್ನೂ ಕೂಗುತ್ತಲೇ ಇತ್ತು. ಕರೆಂಟ್ ಬಂದದ್ದು ಎರಡು ದಿನ ಬಿಟ್ಟು.

ಅಂಗಡಿಯವರಿಗೆ ಫೋನ್ ಮಾಡಿ ಬೈದೆ. ಅವರು ವಾದ ಮಾಡಲಿಲ್ಲ. ಆ ವಾರವೇ ಮಾಲೀಕರು ಸ್ವತಃ ಎರಡು ಕೀ, ವಾಷರ್, ಇನ್ನೊಂದು ತುಂಬಿದ ಸಿಲಿಂಡರ್ ತಂದುಕೊಟ್ಟರು. ಈಗ ಒಂದು ಕೀ ಸಿಲಿಂಡರಿನ ಕುತ್ತಿಗೆಗೇ ಕೆಂಪು ದಾರದಲ್ಲಿ ಕಟ್ಟಿದೆ. ಆಮೇಲೆ ಒಮ್ಮೆ ರಾತ್ರಿ ಎರಡು ಗಂಟೆಗೂ ಫೋನ್ ಮಾಡಿದ್ದೇನೆ, ಎತ್ತಿದ್ದಾರೆ. ನಾನು ಈ ಅಂಗಡಿ ಬಿಡದೆ ಇರುವುದು ಅದಕ್ಕೇ.

ಸಿಲಿಂಡರಿನ ಲೆಕ್ಕ ಹೇಳಿಬಿಡುತ್ತೇನೆ. ಬಿ ಟೈಪ್ ಎಂಬ ಅಳತೆಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ಕಾಲು ಲೀಟರ್ ಫ್ಲೋಗೆ ಗಂಟೆಗೆ 15 ಲೀಟರ್, ಅಂದರೆ 100 ಗಂಟೆ. ಮಂಡಗದ್ದೆ ಹತ್ತಿರ ಮರ ಬಿದ್ದು ರಸ್ತೆ ನಿಂತರೂ ನಾಲ್ಕು ದಿನ ತಡೆಯಬಹುದು. ಆದರೆ ಸಿಲಿಂಡರಿಗೂ ಕಡಿಮೆ ಫ್ಲೋದ ಮೀಟರೇ ಬೇಕು, ಅದನ್ನು ಬೇರೆಯಾಗಿ ಕೇಳಿ.

ಮಳೆಗಾಲದಲ್ಲಿ, ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿಯನ್ನು ಯಂತ್ರಕ್ಕೆ ಹಾಕಿದರೆ ಕೊಳವೆಯೊಳಗೆ ಹನಿ ಕಟ್ಟುತ್ತಿತ್ತು. ಇಷ್ಟು ಕಡಿಮೆ ಫ್ಲೋಗೆ ಅದು ಬೇಡ ಎಂದು ನಮ್ಮ ಡಾಕ್ಟರ್ ತೆಗೆಸಿದರು. ಸ್ಪಂಜಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆಯಬೇಕು, ನಮ್ಮಲ್ಲಿ ಅದು ಮೂರು ದಿನವಾದರೂ ಒಣಗುವುದಿಲ್ಲ. ಒಂದು ಜೊತೆ ಹೆಚ್ಚಿಗೆ ಇಸಿದುಕೊಳ್ಳಿ. ಬಚ್ಚಲ ಒಲೆ ಮೇಲೆ ಒಣಗಿಸಬೇಡಿ, ಮಸಿ ಹಿಡಿಯುತ್ತದೆ. ಅಡಿಕೆ ಸುಲಿಯುವ, ಬೇಯಿಸುವ ಕಾಲದಲ್ಲಿ ಯಂತ್ರವನ್ನು ಜಗಲಿಯ ಕೋಣೆಯಿಂದ ಒಳಗಿನ ಕೋಣೆಗೆ ತಂದೆವು. ಅಲ್ಲಿ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಇಲ್ಲ. ಆಕ್ಸಿಜನ್ ಇರುವ ಕಡೆ ಬೆಂಕಿ ಹಿಡಿದರೆ ಬೇಗ ಉರಿಯುತ್ತದೆ. ಅತ್ತೆಗೆ ಇದು ಅರ್ಥವಾಯಿತು, ಆದರೆ ಎಣ್ಣೆಯ ವಿಷಯ ಒಪ್ಪಲು ದಿನ ಹಿಡಿಯಿತು. "ಮೂಗು ಒಣಗಿದೆ ಪಾಪ, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ಏನಾಗುತ್ತೆ?" ಅನ್ನುತ್ತಿದ್ದರು. ಅದೇ ಬೆಂಕಿಯ ಭಯಕ್ಕೆ, ಕ್ಯಾನುಲಾ (ಆಕ್ಸಿಜನ್ ಕೊಡುವ ಸಣ್ಣ ಕೊಳವೆ) ಹಾಕಿದ ಮೂಗಿಗೆ ಎಣ್ಣೆ, ವ್ಯಾಸಲೀನ್ ಹಚ್ಚಬಾರದು. ಡಾಕ್ಟರ್ ಸಲೈನ್ ಹನಿ ಕೊಟ್ಟಿದ್ದಾರೆ, ಈಗ ಅದನ್ನು ಅತ್ತೆಯೇ ಹಾಕುತ್ತಾರೆ.

ಅಂಗಡಿಯವರು ಸುಮ್ನೆ ಜೊತೆಗೆ ಕೊಟ್ಟ ಬೆರಳಿನ ಆಕ್ಸಿಮೀಟರ್ ದೊಡ್ಡವರದು, ಮಗುವಿಗೆ ಆಗುವುದಿಲ್ಲ. ಪಾದಕ್ಕೆ ಸುತ್ತುವ ಪ್ರೋಬ್ ಇರುವುದನ್ನೇ ಕೊಳ್ಳಿ.

ನನ್ನ ಲೆಕ್ಕದಲ್ಲಿ ಯಂತ್ರಕ್ಕೆ ಐದಕ್ಕೆ ನಾಲ್ಕು, ಅಂಗಡಿಗೆ ಮೂರೂವರೆ. ಕೀ ಮೊದಲೇ ಕೊಟ್ಟಿದ್ದರೆ ಜಾಸ್ತಿ ಕೊಡುತ್ತಿದ್ದೆ. ಹೋದ ವಾರ ತೋರಿಸಿದಾಗ, ಹಗಲು ಹೊತ್ತು ಸ್ವಲ್ಪ ಸ್ವಲ್ಪ ಸಮಯ ಆಕ್ಸಿಜನ್ ತೆಗೆದು ನೋಡಿ ಎಂದು ಡಾಕ್ಟರ್ ಹೇಳಿದ್ದಾರೆ. ನಿನ್ನೆ ಬೆಳಿಗ್ಗೆ ಅರ್ಧ ಗಂಟೆ ಕ್ಯಾನುಲಾ ಇಲ್ಲದೆ ಜಗಲಿಯಲ್ಲಿ ಕೂತಿದ್ದಳು, 95ಕ್ಕಿಂತ ಕೆಳಗೆ ಇಳಿಯಲಿಲ್ಲ. ಯಂತ್ರ ವಾಪಸ್ ಮಾಡುವ ದಿನ ಬಂದರೆ, ಡಿಪಾಸಿಟ್ ಹೇಗೆ ಕೊಟ್ಟರು ಎಂದು ಇಲ್ಲೇ ಬರೆಯುತ್ತೇನೆ.