ಮೂರು ಆಸ್ಪತ್ರೆ ನೋಡಿದ ಮೇಲೆ: ಯಾವುದಕ್ಕೆ ಜಾಸ್ತಿ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದ್ದು 2024ರ ಜನವರಿಯಲ್ಲಿ. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಮನೆ ನಡೆಯುವುದು ತೆಂಗಿನಿಂದ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗಬೇಕು, ಅದು ತಿಪಟೂರು ಮಾರ್ಕೆಟ್‌ಗೆ ಹೋಗಬೇಕು, ಆಮೇಲೆ ಕೈಗೆ ದುಡ್ಡು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಹಾಗಾಗಿ ಆಸ್ಪತ್ರೆಯ ಪ್ರತಿ ಬಿಲ್ಲನ್ನೂ ಅಮ್ಮ ಕೊಬ್ಬರಿಯಲ್ಲೇ ಲೆಕ್ಕ ಹಾಕುತ್ತಿದ್ದಳು.

ಹತ್ತು ತಿಂಗಳಲ್ಲಿ ಮೂರು ಕಡೆ ಚಿಕಿತ್ಸೆ ಆಯಿತು. ಆಪರೇಷನ್ ಮತ್ತು ಮೊದಲ ಎರಡು ಕೀಮೋ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ. ಮುಂದಿನ ಎರಡು ಕೀಮೋ, ಕೊನೆಗೆ ರೇಡಿಯೇಷನ್ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ನಡುವೆ ವಾರಕ್ಕೊಂದರಂತೆ 12 ಪ್ಯಾಕ್ಲಿಟಾಕ್ಸೆಲ್ (ಅದೂ ಕೀಮೋ ಔಷಧಿಯೇ) ಊರಿಂದ ಒಂದೂವರೆ ಗಂಟೆ ದೂರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಯಾವುದರ ಹೆಸರನ್ನೂ ಹೇಳುವುದಿಲ್ಲ. ಮೂರೂ ಕಡೆ ಒಳ್ಳೆಯ ಡಾಕ್ಟರು ಸಿಕ್ಕಿದರು. ಚಿಕಿತ್ಸೆಯಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೇರೆ ಇದ್ದದ್ದು ಉಳಿದದ್ದೆಲ್ಲ.

ಮೊದಲು ರೂಮಿನ ವಿಷಯ. ಖಾಸಗಿ ಆಸ್ಪತ್ರೆಯಲ್ಲಿ ಅಣ್ಣ ಮತ್ತು ನಾನು ಹಟ ಮಾಡಿ ಸಿಂಗಲ್ ರೂಮ್ ಹಾಕಿಸಿದೆವು. ದಿನಕ್ಕೆ 7,000. ಎಸಿ, ಟಿವಿ, ನಮಗೆ ಮಲಗಲು ಸೋಫಾ. ಎರಡನೇ ದಿನ ಅಮ್ಮ ಬಾಗಿಲ ಕಡೆ ನೋಡುತ್ತಾ, "ಯಾರಾದ್ರೂ ಬರ್ತಾರಾ ಅಂತ ಕಾಯೋದೇ ಆಯ್ತು ಕಣೇ" ಅಂದಳು. ಅರ್ಧ ಕ್ವಿಂಟಾಲಿಗಿಂತ ಜಾಸ್ತಿ ಕೊಬ್ಬರಿ ಕೊಟ್ಟು ಒಂದು ದಿನದ ಒಂಟಿತನ ತಂದಂತಾಗಿತ್ತು. ಇನ್ನೊಂದು ಮಾತು ಆಮೇಲೆ ಗೊತ್ತಾಯಿತು. ಅಲ್ಲಿ ರೂಮಿನ ದರ್ಜೆ ಏರಿದರೆ ಡಾಕ್ಟರ ವಿಸಿಟ್, ಆಪರೇಷನ್ ಚಾರ್ಜು, ಟೆಸ್ಟಿನ ದರವೂ ಏರುತ್ತವೆ. ಸೇರಿಸುವಾಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೀವು ಕೇಳಿ.

ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಅಮ್ಮನಿಗೆ ಪಕ್ಕದ ಮಂಚದ ಹೆಂಗಸು ಸಿಕ್ಕಿದರು. ಅವರು ನಾಲ್ಕು ಕೀಮೋ ಮುಂದೆ ಇದ್ದವರು. ಬಾಯಿ ಹುಣ್ಣಾದರೆ ಏನು ತಿನ್ನಬೇಕು, ಕೂದಲು ಯಾವಾಗ ಚಿಗುರುತ್ತದೆ, ಎಲ್ಲ ಹೇಳಿಕೊಟ್ಟರು. ಅಮ್ಮ ನಕ್ಕಿದ್ದು ಅಲ್ಲೇ. ಆದರೆ ಅಲ್ಲಿ ಅಮ್ಮನಿಗೆ ಒಂದು ಮಾತ್ರ ಸಹಿಸಲು ಆಗಲಿಲ್ಲ. ಎದೆಯ ಗಾಯ ನೋಡುವಾಗ ಪರದೆ ಎಳೆಯುತ್ತಿರಲಿಲ್ಲ. ಗಂಡಸರು ಓಡಾಡುವ ದಾರಿ ಅದು. "ರೂಮು ಬೇಡ, ಒಂದು ಪರದೆ ಎಳೆದ್ರೆ ಸಾಕು, ಅದಕ್ಕೆ ಬೇಕಾದ್ರೆ ದಿನಾ ನೂರು ರೂಪಾಯಿ ಕೊಡ್ತೀನಿ" ಅಂದಳು. ಈ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ದುಡ್ಡು ಕೊಡಲು ತಯಾರಿರುವ ರೋಗಿ ಏನನ್ನು ಕೇಳುತ್ತಿದ್ದಾಳೆ ನೋಡಿ. ಪರದೆ ಅಲ್ಲೇ ಕಂಬಿಗೆ ನೇತಾಡುತ್ತಿತ್ತು. ಮಾರನೇ ದಿನದಿಂದ ನಾನೇ ಎಳೆದು ನಿಂತುಕೊಂಡೆ.

ಕಾಯುವುದರಲ್ಲಿ ಮೂರಕ್ಕೂ ತುಂಬಾ ವ್ಯತ್ಯಾಸ. ಸರ್ಕಾರಿ ಕಡೆ ಬೆಳಿಗ್ಗೆ ಆರೂವರೆಗೆ ಚೀಟಿಗೆ ನಿಂತರೆ ಕೀಮೋ ಹನಿ ಶುರುವಾಗುವಾಗ ಮಧ್ಯಾಹ್ನ ಎರಡು. ಬೆನ್ನಿಗೆ ಆಸರೆ ಇಲ್ಲದ ಬೆಂಚು. ಖಾಸಗಿಯಲ್ಲಿ ಒಂದೂವರೆ ಗಂಟೆ, ಒರಗುವ ಕುರ್ಚಿ. ಟ್ರಸ್ಟ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಹಿಂದಿನ ದಿನ ನಮ್ಮೂರಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿ ಅಂದರು. ರಕ್ತಕಣಗಳ ಕೌಂಟ್ ಸರಿ ಇದ್ದರೆ ಮಾತ್ರ ಹೊರಡಬೇಕು. ಹತ್ತಕ್ಕೆ ಹೋದರೆ ಹತ್ತೂವರೆಗೆ ಹನಿ ಶುರು. ಇದಕ್ಕೆ ಅವರು ಬೇರೆ ದುಡ್ಡು ತಗೊಳ್ಳಲಿಲ್ಲ. ಕೇಳಿದ್ದರೆ ಅಮ್ಮ ಖುಷಿಯಿಂದ ಕೊಡುತ್ತಿದ್ದಳು.

ಹಾಗಂತ ಎಲ್ಲ ಕಾಯುವುದೂ ಒಂದೇ ಅಲ್ಲ. ರೇಡಿಯೇಷನ್‌ಗೆ ಸರ್ಕಾರಿ ಕಡೆ ಮೂರು ವಾರ ಬಿಟ್ಟು ತಾರೀಖು ಕೊಟ್ಟಾಗ ನಾನು ಹೆದರಿ ಖಾಸಗಿಗೆ ಓಡಿದೆ. ನಾಳೆಯೇ ಶುರು ಮಾಡಬಹುದು ಅಂದರು, ಒಂದೂವರೆ ಲಕ್ಷದ ಮೇಲಿನ ಲೆಕ್ಕ ಕೊಟ್ಟರು. ಟ್ರಸ್ಟ್ ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಫೈಲ್ ಪೂರ್ತಿ ನೋಡಿ, ನಿಮ್ಮ ತಾಯಿಯ ವಿಷಯದಲ್ಲಿ ಮೂರು ವಾರದಿಂದ ತೊಂದರೆ ಇಲ್ಲ ಅಂದರು. ಎರಡೂ ಕಡೆ ಅದೇ 15 ಸಿಟ್ಟಿಂಗ್, ಲಿನಾಕ್ ಅನ್ನುವ ಅದೇ ಬಗೆಯ ಯಂತ್ರ. ಸರ್ಕಾರಿ ಕಡೆಯೇ ಮಾಡಿಸಿದೆವು, ಹತ್ತಿರದ ಧರ್ಮಶಾಲೆಯಲ್ಲಿ ಮೂರು ವಾರ ಉಳಿದುಕೊಂಡೆವು. ಅದೇ ಮೊದಲಲ್ಲಿ ಬಯಾಪ್ಸಿ ರಿಪೋರ್ಟಿಗೆ ಕಾದ ದಿನಗಳು ಮಾತ್ರ ನರಕ. ಬೇಗ ಕೊಡುತ್ತೇವೆ ಅಂದರೆ ಅದಕ್ಕೆ ಖಂಡಿತ ಜಾಸ್ತಿ ಕೊಡುತ್ತಿದ್ದೆ. ಯಾವ ಕಾಯುವಿಕೆ ಅಪಾಯ, ಯಾವುದು ಬರೀ ಬೇಸರ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ನಮಗೆ ಲಕ್ಷ ರೂಪಾಯಿ ಉಳಿಸಿದ್ದು ಆ ಒಂದು ಪ್ರಶ್ನೆ.

ಸೂಜಿ ಬಗ್ಗೆ ಹೇಳಲೇಬೇಕು. ಅಮ್ಮನ ಮೊದಲ ನಾಲ್ಕು ಕೀಮೋದಲ್ಲಿ ಡಾಕ್ಸೊರುಬಿಸಿನ್ ಇತ್ತು, ಕೆಂಪು ಔಷಧಿ. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಅಮ್ಮನ ಕೈಯ ನರ ತುಂಬಾ ಸಣ್ಣ. ಆಪರೇಷನ್ ಆದ ಕಡೆಯ ಕೈಗೆ ಚುಚ್ಚಬೇಡಿ ಅಂದಿದ್ದರು, ಹಾಗಾಗಿ ಇದ್ದದ್ದು ಒಂದೇ ಕೈ. ಖಾಸಗಿಯಲ್ಲಿ ಎದೆಯ ಚರ್ಮದ ಕೆಳಗೆ ಪೋರ್ಟ್ (ಔಷಧಿಯನ್ನು ಸೀದಾ ದೊಡ್ಡ ರಕ್ತನಾಳಕ್ಕೆ ಬಿಡುವ ಸಣ್ಣ ಸಾಧನ) ಇಟ್ಟರು, 30,000ದ ಹತ್ತಿರ ಆಯಿತು. ಆಗ ಸಿಟ್ಟು ಬಂದಿತ್ತು. ಆದರೆ ಮುಂದೆ ಮೂರೂ ಆಸ್ಪತ್ರೆಯಲ್ಲಿ 16 ಕೀಮೋ ಅದರಲ್ಲೇ ನಡೆಯಿತು. ಪಕ್ಕದವರಿಗೆ ಐದಾರು ಸಲ ಚುಚ್ಚುವುದನ್ನು ನೋಡಿದ ಮೇಲೆ, ನಾವು ಕೊಟ್ಟ ದುಡ್ಡಿನಲ್ಲೆಲ್ಲ ಇದೇ ಚೆನ್ನಾಗಿ ಉಪಯೋಗ ಆಗಿದ್ದು ಅನ್ನಿಸಿತು.

ಈಗ ಮುಖ್ಯವಾದದ್ದು. ಎರಡನೇ ಕೀಮೋ ಆಗಿ ಒಂಬತ್ತನೇ ದಿನ, ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ 101 ಜ್ವರ. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಇಳಿದಿರುತ್ತವೆ. ಆಗ 100.4 ದಾಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಖಾಸಗಿ ಆಸ್ಪತ್ರೆ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ರೋಗಿಯ ನಂಬರ್ ಕೇಳಿದರು, ಹೋಲ್ಡ್‌ನಲ್ಲಿ ಇಟ್ಟರು, ಆಮೇಲೆ "ಎಮರ್ಜೆನ್ಸಿಗೆ ಕರ್ಕೊಂಡು ಬನ್ನಿ" ಅಂದರು. ನಾವು ಇರುವುದು ಅರಸೀಕೆರೆಯಲ್ಲಿ ಅಂದೆ. ಅದೇ ಮಾತು ಇನ್ನೊಮ್ಮೆ ಹೇಳಿದರು. ಕಾರು ಮಾಡಿಕೊಂಡು ಹಾಸನಕ್ಕೆ ಓಡಿದೆವು. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಯಾವ ಕೀಮೋ, ಯಾವಾಗ ಆಯಿತು ಅಂತ ನಾನೇ ಫೈಲ್ ತೆಗೆದು ಹೇಳಿದೆ. ನಾಲ್ಕು ದಿನ ಆ್ಯಂಟಿಬಯೋಟಿಕ್ ಹಾಕಿದರು.

ಟ್ರಸ್ಟ್ ಆಸ್ಪತ್ರೆಯಲ್ಲಿ ಮೊದಲ ದಿನವೇ ಹಿರಿಯ ನರ್ಸ್ ತಮ್ಮ ಡ್ಯೂಟಿ ಮೊಬೈಲ್ ನಂಬರನ್ನು ಅಮ್ಮನ ಫೋನಿಗೇ ಹಾಕಿಕೊಟ್ಟರು, ನನ್ನದಕ್ಕಲ್ಲ. ಆರನೇ ವಾರ ಮತ್ತೆ ಜ್ವರ ಬಂತು. ಅಮ್ಮನೇ ಫೋನ್ ಮಾಡಿದಳು. ಅವರು ಐದೇ ಪ್ರಶ್ನೆ ಕೇಳಿ, ಊರಿನ ಡಾಕ್ಟರ ಜೊತೆ ತಾವೇ ಮಾತಾಡಿ, ಯಾವ ಟೆಸ್ಟ್, ಯಾವ ಇಂಜೆಕ್ಷನ್ ಅಂತ ಹೇಳಿದರು. ಬೆಳಿಗ್ಗೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು. ಅಮ್ಮನನ್ನು ಕೇಳಿದರೆ ಇವತ್ತೂ ಇದನ್ನೇ ಮೊದಲು ಹೇಳುತ್ತಾಳೆ. "ಆ ನಂಬರಿಗೆ ಎಷ್ಟು ಬೇಕಾದ್ರೂ ಕೊಡ್ಬೋದು. ಟಿವಿಗೆ ಯಾಕೆ ಕೊಡ್ಲಿ?"

ಔಷಧಿ ಬಿಲ್ಲಿನಲ್ಲಿ ನಾವು ಮೋಸ ಹೋಗಿದ್ದು ನಿಜ. ಖಾಸಗಿ ಆಸ್ಪತ್ರೆಯ ಮೆಡಿಕಲ್ಸ್‌ನಲ್ಲಿ ಪೂರ್ತಿ ಎಂಆರ್‌ಪಿ ಹಾಕಿದ್ದ ವಾಂತಿ ಮಾತ್ರೆ, ಜನೌಷಧಿ ಕೇಂದ್ರದಲ್ಲಿ ಅದರ ಕಾಲು ಭಾಗಕ್ಕೂ ಕಡಿಮೆಗೆ ಸಿಕ್ಕಿತು. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮೇಲಿನ ವ್ಯಾಪಾರದ ಲಾಭಕ್ಕೆ 30% ಮಿತಿ ಹಾಕಿತು. ಆದರೂ ಮಾಲಿಕ್ಯೂಲ್ ಹೆಸರು, ಅಂದರೆ ಬ್ರ್ಯಾಂಡ್ ಅಲ್ಲದೆ ಔಷಧಿಯ ಮೂಲ ಹೆಸರು, ಬರೆಸಿಕೊಂಡು ಎರಡು ಕಡೆ ವಿಚಾರಿಸಿ. ದುಬಾರಿ ಬ್ರ್ಯಾಂಡಿಗೆ ಜಾಸ್ತಿ ಕೊಡುವ ಮೊದಲು, ಯಾಕೆ ಬೇಕು ಅಂತ ಡಾಕ್ಟರನ್ನೇ ಕೇಳಿ.

ಸರ್ಕಾರದ ಆರೋಗ್ಯ ಕಾರ್ಡಿನ ವಿಷಯ ನಮಗೆ ತಡವಾಗಿ ತಿಳಿಯಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರ) 30%, ವರ್ಷಕ್ಕೆ 1.5 ಲಕ್ಷದ ಮಿತಿ. ಎಮರ್ಜೆನ್ಸಿ ಬಿಟ್ಟರೆ ಖಾಸಗಿಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಾವು ಸೀದಾ ಹೋಗಿದ್ದರಿಂದ ಆಪರೇಷನ್‌ಗೆ ಒಂದು ರೂಪಾಯಿಯೂ ಸಿಗಲಿಲ್ಲ. ರೈಲಿನ ರಿಯಾಯಿತಿಯೂ ಹಾಗೇ ತಡವಾಗಿ ತಿಳಿಯಿತು. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಫ್ರೀ, ಜೊತೆಗೆ ಹೋಗುವ ಒಬ್ಬರಿಗೆ 75% ಕಡಿತ. ಅದರ ಫಾರಂಗೆ ಸರ್ಕಾರಿ ಕಡೆ ಅದೇ ದಿನ ಸಹಿ ಮಾಡಿಕೊಟ್ಟರು. ಖಾಸಗಿಯ ಕೌಂಟರಿನಲ್ಲಿ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಚೆಕಪ್. ಅಣ್ಣ ಬೆಂಗಳೂರಿಗೇ ಹೋಗೋಣ ಅಂದ. ಅಮ್ಮ ಟ್ರಸ್ಟ್ ಆಸ್ಪತ್ರೆಯನ್ನೇ ಆರಿಸಿದಳು. ಕನ್ಸಲ್ಟೇಷನ್ 300 ರೂಪಾಯಿ. ಕಳೆದ ಸಲ ಹೋದಾಗ ಹೊಸದಾಗಿ ಸೇರಿದ್ದ ಒಬ್ಬ ಹೆಂಗಸು ಬೆಂಚಿನ ತುದಿಯಲ್ಲಿ ಅಳುತ್ತಾ ಕೂತಿದ್ದರು. ಅಮ್ಮ ಪಕ್ಕಕ್ಕೆ ಹೋಗಿ ಕೂತು, ತಲೆಯ ಬಟ್ಟೆ ಸರಿಸಿ ಚಿಗುರಿದ ಕೂದಲು ತೋರಿಸಿದಳು. ಆಮೇಲೆ ಅವರ ಫೋನ್ ಇಸ್ಕೊಂಡು ನರ್ಸ್ ನಂಬರ್ ಹಾಕಿಕೊಟ್ಟಳು.